ಸುಭದ್ರಾಬಾಯಿಯ ಹಿಂದೆ ಅನ್ನುವವರು

"ಮಮ್ಮಿ, ಸುಭದ್ರಾ ಆಯಿ ಮುಂಜಾನಿ ಎಲ್ಲಾ ಮಾತು ಎರಡೆರಡ ಸಲ ಯಾಕ ಅಂತಾಳ? ಅಕಿ ಖೋಲ್ಯಾಗ ಇನ್ನೊಬ್ಬರು ಯಾರ್ ಇದ್ದಾರ?"

ಮೊನ್ನೆ ಸಾಲಿಗೆ ಹೊರಡುವ ಗಡಿಬಿಡಿಯಲ್ಲಿ ಜಡೆ ಹಾಕಿಸಿಕೊಳ್ಳುತ್ತ ಕೂತ ಏಂಜೆಲ ಕೇಳಿದಳು. ನಮ್ಮ ಅಡಿಗೆಮನೆಗೂ ಹಿಂದಿನ ಖೋಲಿಗೂ ನಡುವೆ ಇರುವುದು ಒಂದೇ ಗೋಡೆ. ಹಾಲು ಕಾಯಿಸುವ ಹೊತ್ತಿಗೆ ಆ ಕಡೆಯಿಂದ ಸುಭದ್ರಾಬಾಯಿಯವರ ದನಿ ಬರುತ್ತದೆ. ಮೊದಲು ಗಟ್ಟಿಯಾಗಿ, "ಬುದ್ಧಂ ಶರಣಂ ಗಚ್ಛಾಮಿ." ಒಂದು ಉಸಿರಿನಷ್ಟು ಬಿಡುವು. ಆಮೇಲೆ ಅದೇ ಮಾತು ಮೆತ್ತಗೆ, ಬೇರೆ ಯಾರೋ ಅಂದ ಹಾಗೆ.

"ಯಾರೂ ಇಲ್ಲ. ಪ್ರಾರ್ಥನಾ ಮಾಡ್ಲತ್ತಾಳ," ಅಂದೆ.

"ನಮ್ಮ ಚರ್ಚಿನ್ಯಾಗ ಪಾಸ್ಟರ್ ಅಂಕಲ್ ಒಂದ ಸಲ ಅಂತಾರ, ಆಮ್ಯಾಲ ನಾವು ಎಲ್ಲರೂ ಅಂತೇವಿ. ಅಕಿ ಒಬ್ಬಾಕಿನೇ ಎಲ್ಲಾರ್ದೂ ಯಾಕ ಅನ್ನಬೇಕು?"

ರಿಬ್ಬನ್ನಿನ ಗಂಟು ಬಿಗಿದು ಅವಳನ್ನು ಆಟೋ ಹತ್ತಿಸಿದೆ. ನನ್ನ ಬಳಿ ಇದ್ದ ಉತ್ತರ ಉದ್ದದ್ದು, ಆರು ವರ್ಷದ ಕೂಸಿಗೆ ಹೇಳುವಂಥದ್ದಲ್ಲ. ಇಲ್ಲಿ ಬರೆದಿಡುತ್ತೇನೆ. ವಯಸ್ಸು ಬಂದಾಗ ಓದಿಕೊಳ್ಳಲಿ.

ಸುಭದ್ರಾಬಾಯಿಯವರ ಊರು ಠಾಣಾ ಕುಶನೂರಿನಿಂದ ಇನ್ನೂ ಒಳಗೆ, ತೊಗರಿ ಮತ್ತು ಸೋಯಾಬೀನ್ ಹೊಲಗಳ ನಡುವೆ ಇದೆ. ನಾಲ್ಕನೆಯ ಇಯತ್ತೆಯವರೆಗೆ ಓದಿದವರು. ಮದುವೆಯಾಗಿ ಬಂದ ಹೊಸದರಲ್ಲಿ ಊರಿನ ಬುದ್ಧ ವಿಹಾರದಲ್ಲಿ ಒಬ್ಬ ಬೌದ್ಧ ಭಿಕ್ಷು, ಭಂತೇಜಿ, ಮಳೆಗಾಲ ಕಳೆಯಲು ಉಳಿದಿದ್ದರಂತೆ. ಅವರ ಹಿಂದೆ ಅಂದು ಅಂದು ತ್ರಿಶರಣ, ಪಂಚಶೀಲ ಎಲ್ಲ ಇವರ ಬಾಯಿಗೆ ಬಂತು. ಭಂತೇಜಿ ಹೋದ ಮೇಲೆ ಹುಣ್ಣಿಮೆಗೆ ಮುಂದೆ ಕೂತು ಹೇಳಿಕೊಡುವವರು ಯಾರು ಎಂಬ ಪ್ರಶ್ನೆ ಬಂದಾಗ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಸಾಲಿನಿಂದ ಈ ಹೊಸ ಸೊಸೆ ಸುರು ಮಾಡಿಯೇಬಿಟ್ಟಳು. ಅಂದಿನಿಂದ ಹುಣ್ಣಿಮೆಗೆ ಊರವರು ಬಿಳಿ ಬಟ್ಟೆ ಉಟ್ಟು ವಿಹಾರದಲ್ಲಿ ಕೂತರೆ, ಸುಭದ್ರಾಬಾಯಿ ಒಂದು ಸಾಲು ಅನ್ನುವುದು, ಕೂತವರೆಲ್ಲ ಹಿಂದೆ ಅನ್ನುವುದು. ಹೊಲದಿಂದ ಬರುವುದು ತಡವಾದರೆ ಮೇಣದಬತ್ತಿ ಹಚ್ಚಿಟ್ಟು ಕಾಯುತ್ತಿದ್ದರಂತೆ.

"ಊರೆಲ್ಲಾ ನಾ ಅಂದಿದ್ದು ಅಂತಿತ್ರಿ," ಎಂದು ಒಮ್ಮೆ ನನಗೆ ಹೇಳಿದರು. "ನನ್ನ ಗಂಡ ಒಬ್ಬಾಂವ ಇದ್ದ ನೋಡ್ರಿ, ನಾ ಏನ್ ಅಂದ್ರೂ 'ಅಲ್ಲ' ಅನ್ನಾಂವ."

ಆ ಗಂಡ ಬೇಗ ತೀರಿಕೊಂಡರು. ಉಳಿದವನು ಒಬ್ಬನೇ ಮಗ, ಸುಶೀಲಕುಮಾರ. ಟೆಂಪೋ ಓಡಿಸುತ್ತಿದ್ದ. ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯಿಂದ ಮಹಾಮಾಯಾ ಎಂಬ ಹುಡುಗಿಯನ್ನು ತಂದುಕೊಂಡರು. ಸೊಸೆ ಮಾತು ಕಡಿಮೆ, ಕೆಲಸ ಚುರುಕು. ಅತ್ತೆಯ ಹಿಂದೆ ಎಲ್ಲರಿಗಿಂತ ಗಟ್ಟಿಯಾಗಿ ಶೀಲ ಅನ್ನುವವಳು ಅವಳೇ ಆಗಿದ್ದಳಂತೆ.

ಸುಶೀಲಕುಮಾರ ಕುಡಿಯುತ್ತಿದ್ದ. ಕುಡಿದಾಗ ಹೊಡೆಯುತ್ತಿದ್ದ, ಆಮೇಲಾಮೇಲೆ ಕುಡಿಯದಾಗಲೂ ಹೊಡೆಯತೊಡಗಿದ. ಮಹಾಮಾಯಾ ತವರಿಗೆ ಹೋಗಿ ಕೂತಳು.

ಆ ಊರಲ್ಲಿ ಇಂಥದಕ್ಕೆ ಒಂದು ಪದ್ಧತಿ ಇತ್ತು. ಪೊಲೀಸ್ ಠಾಣೆಗೆ ಹೋಗುವುದಿಲ್ಲ. ತಪ್ಪು ಮಾಡಿದವನು ಹುಣ್ಣಿಮೆಯ ದಿನ ಬಿಳಿ ಅಂಗಿ ತೊಟ್ಟು, ಎಲ್ಲರೆದುರು ನಿಂತು ಐದು ಶೀಲ ಮತ್ತೊಮ್ಮೆ ತೆಗೆದುಕೊಳ್ಳಬೇಕು. ಜೀವಕ್ಕೆ ನೋವು ಮಾಡುವುದಿಲ್ಲ ಎಂಬುದು ಮೊದಲನೆಯದು, ಸುಳ್ಳು ಹೇಳುವುದಿಲ್ಲ ಎಂಬುದು ನಾಲ್ಕನೆಯದು, ಅಮಲಿನದು ಏನೂ ಮುಟ್ಟುವುದಿಲ್ಲ ಎಂಬುದು ಕೊನೆಯದು. ಅಂದಾದ ಮೇಲೆ ಖೀರು ಹಂಚುತ್ತಾರೆ. ಖೀರು ಉಂಡರೆ ಮುಗಿಯಿತು, ಮತ್ತೆ ಆ ಮಾತು ಎತ್ತುವಂತಿಲ್ಲ.

ಹಾಗೆ ಸುಶೀಲಕುಮಾರ ನಿಂತ. ತಾಯಿ ಒಂದೊಂದೇ ಅಂದರು, ಮಗ ಒಂದೊಂದೇ ಹಿಂದೆ ಅಂದ. ಊರಿನ ಹಿರಿಯ ಮಚ್ಛೇಂದ್ರ ಖೀರಿನ ಗ್ಲಾಸು ಎತ್ತಿ, "ಖತಂ ಆತು. ಅಕ್ಕಾ, ಸೊಸಿಗಿ ಕರಕೊಂಡ ಬಾ," ಅಂದ. ಸುಭದ್ರಾಬಾಯಿ ಮರುದಿನವೇ ಭಾಲ್ಕಿ ಬಸ್ಸು ಹಿಡಿದು ಖಟಕ ಚಿಂಚೋಳಿಗೆ ಹೋಗಿ, ಬೀಗರ ಕೈಗೆ ಕೈ ಕೊಟ್ಟು ಮಾತು ಕೊಟ್ಟು, ಮಹಾಮಾಯಾಳನ್ನು ತಾವೇ ಕರೆದುಕೊಂಡು ಬಂದರು.

"ನನ್ನ ಹಿಂದ ಅಂದಾನ ಅಂದ್ರ ಮುಗೀತು ಅಂತ ತಿಳದೆ ಸಿಸ್ಟರ್," ಅನ್ನುತ್ತಾರೆ ಈಗ. "ಬಾಯಿಲೆ ಅಂದಿದ್ದು ಕೈಗಿ ಗೊತ್ತಾಗ್ತದಂತ ತಿಳದೆ. ಹುಚ್ಚಿ ನಾ."

ಸೋಯಾಬೀನ್ ರಾಶಿಯ ದಿನಗಳಲ್ಲಿ ಒಂದು ಮಧ್ಯಾಹ್ನ ಅವರು ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬಾಗಿಲಿಗೆ ಬಂದಾಗ, ಸುಶೀಲಕುಮಾರ ಒಲೆ ಊದುವ ಕಬ್ಬಿಣದ ಕೊಳವೆಯಿಂದ ಹೆಂಡತಿಯ ಮುಖಕ್ಕೆ ಹೊಡೆಯುತ್ತಿದ್ದ. ಅವನು ಅಂದು ಕುಡಿದಿರಲಿಲ್ಲ.

ಸೊಸೆಯನ್ನು ಮಕ್ಸೂದ ಎಂಬವನ ಟಂಟಂ ಆಟೋದಲ್ಲಿ ಔರಾದಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬೀದರಕ್ಕೆ ತಂದರು. ನಾನು ನರ್ಸ್ ಆಗಿರುವ ಆಸ್ಪತ್ರೆಯಲ್ಲಿ ಅಂದು ನನ್ನದೇ ಡ್ಯೂಟಿ. ಹುಡುಗಿಯ ದವಡೆ ಮುರಿದಿತ್ತು, ಎಡಗಿವಿಯಿಂದ ರಕ್ತ ಬರುತ್ತಿತ್ತು. ಬಾಯಿ ತೆರೆಯಲು ಆಗುತ್ತಿರಲಿಲ್ಲ. ಹಿಂದೆಯೇ ಜೀಪು ಮಾಡಿಕೊಂಡು ಮಚ್ಛೇಂದ್ರ ಮತ್ತು ಊರಿನ ನಾಲ್ಕು ಜನ ಬಂದರು. ಹ್ಯಾಗಾಯಿತು ಎಂದು ಡಾಕ್ಟರು ಕೇಳಿದ್ದಕ್ಕೆ ಮಚ್ಛೇಂದ್ರ ಮುಂದೆ ಬಂದ.

"ಮಾಳಗಿ ಮ್ಯಾಲಿಂದ ಬಿದ್ದಾಳ್ರಿ ಡಾಕ್ಟರ್ ಸಾಬ. ಜ್ವಾಳ ಒಣಗಿಸಲಾಕ ಹೋಗಿದ್ಳು."

"ಮಾಳಗಿ ಎಲ್ಲಿ ಅದ ನಮ್ಮ ಮನಿಗಿ?" ಎಂದು ಹುಡುಗಿಯ ತಲೆ ಹಿಡಿದುಕೊಂಡಿದ್ದ ಹೆಂಗಸು ಅಂದರು. "ತಗಡಿನ ಪತ್ರಾದ ಮನಿ. ಪತ್ರಾದ ಮ್ಯಾಲ ಕುಣಿಲಾಕ ಹೋಗಿದ್ಳೇನೋ ಮಚ್ಛೇಂದ್ರ? ಡಾಕ್ಟರ್ ಸಾಬ, ನನ್ನ ಮಗ ಹೊಡದಾನ. ಬರಕೋರಿ."

ನಾನು ಅವರನ್ನು ಹುಡುಗಿಯ ತಾಯಿ ಅಂದುಕೊಂಡಿದ್ದೆ. 'ನನ್ನ ಮಗ' ಎಂದಾಗ ಅವರು ಅತ್ತೆ ಎಂದು ಗೊತ್ತಾಯಿತು. ಮಚ್ಛೇಂದ್ರ ಅವರ ರಟ್ಟೆ ಹಿಡಿದು ಹೊರಗೆ ಕರೆದ. ಅವರು ಹೋಗಲಿಲ್ಲ.

ವಾರ್ಡಿಗೆ ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಪ್ಪ ಕೆಟ್ಟವನಲ್ಲ. ಪೆನ್ನು ಹಿಡಿದುಕೊಂಡು, "ಯಮ್ಮಾ, ಜರಾ ವಿಚಾರ ಮಾಡು. ನಾಳೆ ನಿನಗ ಮಣ್ಣ ಹಾಕಾಂವ ಅವನೇ ಇದ್ದಾನ," ಅಂದ.

"ಮಣ್ಣ ಯಾರರೆ ಹಾಕ್ತಾರ ಬಿಡಪ್ಪ," ಅಂದರು ಸುಭದ್ರಾಬಾಯಿ. "ಹಾಂಗೇ ಬಿಟ್ರ ವಾಸನಿ ಬರ್ತದಲ್ಲ."

ಬಾಜು ಮಂಚದ ರೋಗಿಗಳು ನಕ್ಕರು. ಅವರೂ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಮಂಚದ ಕಾಲಿಗೆ ಒರಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದರು.

ಸುಶೀಲಕುಮಾರನನ್ನು ಹಿಡಿದರು, ಆಮೇಲೆ ಜಾಮೀನಿನ ಮೇಲೆ ಬಿಟ್ಟರು. ಮಹಾಮಾಯಾಳನ್ನು ತಂದೆ ಖಟಕ ಚಿಂಚೋಳಿಗೆ ಕರೆದುಕೊಂಡು ಹೋದ. ಹೋಗುವಾಗ ಬೀಗತಿಗೆ ಒಂದು ಮಾತೂ ಆಡಲಿಲ್ಲ. ಎಷ್ಟೆಂದರೂ ಹೊಡೆದವನ ತಾಯಿ, ಮಾತು ಕೊಟ್ಟು ಕರೆದುಕೊಂಡು ಹೋದವರು. ಊರಿಗೆ ಹೋದರೆ ಮನೆಗೆ ಮಗ ಹಾಕಿದ ಕೀಲಿ. ಹೀಗೆ ಆ ಕಡೆಯವರಿಗೂ ಬೇಡವಾಗಿ, ಈ ಕಡೆಯವರಿಗೂ ಬೇಡವಾಗಿ ಒಂದು ಕೈಚೀಲ ಹಿಡಿದು ಆಸ್ಪತ್ರೆಗೇ ವಾಪಸು ಬಂದು, "ಸಿಸ್ಟರ್, ನಿಮ್ಮ ಮನಿ ಹಿಂದ ಖೋಲಿ ಖಾಲಿ ಅದ ಅಂದಿದ್ರಿ," ಎಂದು ನಿಂತರು.

ಮನೆಯಲ್ಲಿ ನಮ್ಮವರು ಸೈಮನ ಹೂಂ ಅಂದರು. ಅತ್ತೆ ಸಾರಾ ತಡೆದರು.

"ಎಲೀನಾ, ಹೊಟ್ಟಿಲೆ ಹುಟ್ಟಿದಾವನ ಮ್ಯಾಲ ಗವಾಹಿ-ಸಾಕ್ಷಿ ಹೇಳೋ ಬಾಯಿ. ನಾಳೆ ನಮ್ಮ ಮನಿ ಮಾತು ಬಿಡ್ತದೇನು?"

"ಹೊಡದಿದ್ದು ಖರೆ ಅದ ಅಲ್ರಿ ಅತ್ತಿ."

"ಖರೆ ಅದ. ಖರೆ ಇದ್ದಿದ್ದೆಲ್ಲಾ ಹೇಳ್ತಾರೇನು?"

ಖೋಲಿ ಕೊಟ್ಟೆವು. ಮಂಗಲಪೇಟೆಯ ನಮ್ಮ ಓಣಿಯವರು ತಿಂಗಳಾನುಗಟ್ಟಲೆ ಅವರನ್ನು ಹೆಸರಿನಿಂದ ಕರೆಯಲಿಲ್ಲ, 'ಮಗನಿಗಿ ಒಳಗ ಹಾಕ್ಸಿದಾಕಿ' ಅನ್ನುತ್ತಿದ್ದರು. ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ ಹುಡುಕಿ ಕೊಟ್ಟೆ. ಬೆಳಿಗ್ಗೆ ಹೋಗಿ ಸಂಜೆ ಬಂದು, ಬಾಗಿಲು ಅರ್ಧ ತೆರೆದಿಟ್ಟು ಕೂರುತ್ತಿದ್ದರು. ಓಣಿಯಲ್ಲಿ ಹೆಜ್ಜೆ ಸಪ್ಪಳವಾದರೆ ತಲೆ ಎತ್ತುವುದು, ದಾಟಿ ಹೋದರೆ ತಲೆ ಇಳಿಸುವುದು. ಏಂಜೆಲ ಮಾತ್ರ ಒಳಗೆ ಹೋಗಿ ಸಣ್ಣ ರೊಟ್ಟಿ ಮಾಡಿಸಿಕೊಂಡು ಬರುತ್ತಿದ್ದಳು.

ಕೇಸು ಔರಾದದ ಕೋರ್ಟಿನಲ್ಲಿ ತಾರೀಖಿನಿಂದ ತಾರೀಖಿಗೆ ಹೋಯಿತು. ಅಷ್ಟರಲ್ಲಿ ಮಹಾಮಾಯಾಳ ತಂಗಿಗೆ ಭಾಲ್ಕಿಯ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಕಡೆಯವರು ಒಂದೇ ಮಾತು ಹೇಳಿದರು: ಅಕ್ಕ ತವರಲ್ಲಿ ಕೂತು ಗಂಡನ ಮೇಲೆ ಕೇಸು ನಡೆಸುವ ಮನೆ ನಮಗೆ ಬೇಡ. ತಂದೆ ಮೆತ್ತಗಾದ. ಮಚ್ಛೇಂದ್ರ ನಡುವೆ ಕೂತು ರಾಜಿ ಮಾಡಿಸಿದ. ಸುಶೀಲಕುಮಾರನ ಹೊಲದಲ್ಲಿ ಒಂದು ತುಂಡು ಮಹಾಮಾಯಾಳ ಹೆಸರಿಗೆ ಬರೆಯುವುದು, ಅವಳು ಗಂಡನ ಮನೆಗೆ ಹೋಗುವುದು, ಸಾಕ್ಷಿಗೆ ಕರೆದರೆ ಎಲ್ಲರೂ 'ಬಿದ್ದಳು' ಅನ್ನುವುದು. ಉಳಿದವರು ಸುಭದ್ರಾಬಾಯಿ ಒಬ್ಬರೇ.

ಒಂದು ಭಾನುವಾರ ಮಚ್ಛೇಂದ್ರ ನಮ್ಮ ಅಂಗಳಕ್ಕೆ ಬಂದ. ನಾನು ಕುರ್ಚಿ ಹಾಕಿ ಚಹಾ ಕೊಟ್ಟೆ. ಅವನು ಚಹಾ ಬಟ್ಟಲು ನೋಡುತ್ತಲೇ ಮಾತಾಡಿದ.

"ಅಕ್ಕಾ, ಏಟು ತಿಂದಾಕಿನೇ ಬಿದ್ದೆ ಅನ್ಲತ್ತಾಳ. ನಡುವ ನಿಂದೇನು?"

"ಅಕಿಗಿ ಬದುಕೋದದ, ಅಕಿ ಅಂತಾಳ. ಅಕಿಗಿ ನಾ ಏನೂ ಅನ್ನಲ್ಲ. ನಾ ಕಣ್ಣಿಲೆ ನೋಡೀನಿ."

"ಹೊಲಕ್ಕ ಹೋಗಿದ್ದೆ ಅನ್ನು, ಸಾಕು. ಸುಳ್ಳ ಏನದ ಅದರಾಗ? ಹೋಗಿದ್ದಿ ಖರೆ."

"ಹೋಗಿದ್ದೆ. ವಾಪಸ ಬಂದೆ. ಅದು ಯಾರ್ ಹೇಳಬೇಕು, ನೀ ಹೇಳ್ತೀ?"

ಮಚ್ಛೇಂದ್ರ ಬಟ್ಟಲು ಕೆಳಗಿಟ್ಟ. "ನೋಡಕ್ಕಾ, ಊರ ಬಾಗಲಾ ನಿನಗ ಯಾರೂ ಮುಚ್ಚಲ್ಲ. ವಿಹಾರಕ್ಕ ಬಾ, ಮುಂದ ಕೂಡು, ಬ್ಯಾಡ ಅನ್ನಲ್ಲ. ಆದ್ರ ನಿನ್ನ ಹಿಂದ ಅನ್ನೋರು ಯಾರ್ ಉಳಿತಾರ, ನೀನೇ ನೋಡು."

ಅವನು ಹೋದ ಮೇಲೆ ಸುಭದ್ರಾಬಾಯಿ ಅವನ ಚಹಾ ಬಟ್ಟಲನ್ನು ತಾವೇ ತೊಳೆದು, ತೊಳೆದದ್ದನ್ನೇ ಮತ್ತೆ ತೊಳೆಯುತ್ತ ನಿಂತರು. ಆಮೇಲೆ ಅವರೇ ಅಂದರು: "ಮನಿ ಹೋದ್ರ ಖೋಲಿ ಸಿಕ್ತದ್ರಿ. ಮಗ ಹೋದ್ರ ಹೋದ. ಹಿಂದ ಅನ್ನೋರೂ ಹೋದ್ರ ನನಗ ಏನ್ ಉಳೀತದ ಸಿಸ್ಟರ್?"

ಸಾಕ್ಷಿಯ ದಿನ ನಾನು ರಜೆ ಹಾಕಿ ಅವರ ಜೊತೆ ಔರಾದಕ್ಕೆ ಹೋದೆ. ಮೊದಲು ಅವರನ್ನೇ ಕರೆದರು. ನೋಡಿದ್ದನ್ನು ನೋಡಿದ ಹಾಗೆ ಹೇಳಿದರು. ಮಗ ಎದುರಿಗೇ ಕೈಕಟ್ಟಿ ನಿಂತಿದ್ದ. ಅವನ ಕಡೆಯ ವಕೀಲರು ಎದ್ದು, ಮಗ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಸಿಟ್ಟಿಗೆ ಹೀಗೆ ಹೇಳುತ್ತಿದ್ದೀರಿ ಅಲ್ಲವೇ ಎಂದರು.

"ಸಿಟ್ಟು ಅದ್ರಿ," ಅಂದರು ಸುಭದ್ರಾಬಾಯಿ. "ಸಿಟ್ಟು ಇದ್ದೋರು ಖರೆ ಹೇಳಬಾರದೇನ್ರಿ? ನಿಮಗ ಸಿಟ್ಟು ಬರಲ್ಲೇನು?"

ಆಮೇಲೆ ಮಹಾಮಾಯಾ ಬಂದಳು. ದವಡೆ ಕೂಡಿಕೊಂಡಿತ್ತು, ಮುಖ ಮಾತ್ರ ಒಂದು ಕಡೆ ಸ್ವಲ್ಪ ಜಾರಿದ ಹಾಗಿತ್ತು. ವಕೀಲರು ಕೇಳಿದಾಗಲೆಲ್ಲ ಬಲಗಿವಿಯನ್ನು ಅವರ ಕಡೆ ತಿರುಗಿಸುತ್ತಿದ್ದಳು. ಎಡಗಿವಿ ಕೇಳುವುದಿಲ್ಲ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಬಿದ್ದೆ, ಅಂದಳು. ಯಾರೂ ಹೊಡೆದಿಲ್ಲ, ಅಂದಳು. ಅವಳ ತಂದೆಯೂ ಅಂದ. ಮಚ್ಛೇಂದ್ರನೂ ಅಂದ.

ಹೊರಗೆ ಬೇವಿನ ಮರದ ಕೆಳಗೆ ಸುಭದ್ರಾಬಾಯಿ ಬುತ್ತಿ ಬಿಚ್ಚಿ ಕೂತಿದ್ದರು. ಮಹಾಮಾಯಾ ಒಬ್ಬಳೇ ಬಂದು ಎದುರು ನಿಂತಳು. ಅತ್ತೆ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೊಟ್ಟರು. ಅವಳು ಇಸಿದುಕೊಂಡು ನಿಂತೇ ತಿಂದಳು, ಬಲಗಡೆಯ ಹಲ್ಲಿನಿಂದ ಮೆಲ್ಲಮೆಲ್ಲಗೆ.

"ಅತ್ತಿ," ಅಂದಳು, "ನೀವು ಖರೆ ಹೇಳಿದ್ರಿ. ಖರೆ ಹೇಳಿದ್ರ ನಾ ಎಲ್ಲಿಗಿ ಹೋಗ್ಲಿ? ಅಪ್ಪನ ಮನ್ಯಾಗ ನನ್ನ ತಾಟಿಗಿ ಎಲ್ಲರೂ ನೋಡ್ತಾರ."

"ನನ್ನ ಖೋಲಿಗಿ ಬಾ."

"ತಂಗಿ ಲಗ್ನ?"

ಸುಭದ್ರಾಬಾಯಿ ಇನ್ನೊಂದು ರೊಟ್ಟಿ ಅವಳ ಕೈಗಿಟ್ಟರು. ನಾನು ನನ್ನ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು, ಯಾವ ಹೊತ್ತಿಗಾದರೂ ಸರಿ ಎಂದು ಹೇಳಿ ಅವಳ ಕೈಗಿತ್ತೆ. ಅವಳು ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಇದುವರೆಗೆ ಫೋನ್ ಬಂದಿಲ್ಲ. ಬಂದಿಲ್ಲವೆಂದರೆ ಎಲ್ಲ ಒಳ್ಳೆಯದಾಗಿದೆ ಎಂದು ತಿಳಿಯಬೇಕೋ, ಚೀಟಿ ಕಳೆದುಹೋಗಿದೆ ಎಂದು ತಿಳಿಯಬೇಕೋ ಗೊತ್ತಿಲ್ಲ.

ಸಾಕ್ಷಿ ಸಾಲದು ಎಂದು ಸುಶೀಲಕುಮಾರ ಬಿಡುಗಡೆಯಾದ. ನ್ಯಾಯಾಧೀಶರನ್ನು ನಾನು ದೂರಲಾರೆ. ಏಟು ತಿಂದವಳೇ ಬಿದ್ದೆ ಅಂದ ಮೇಲೆ, ಒಬ್ಬ ಮುದುಕಿಯ ಮಾತಿನ ಮೇಲೆ ಅವರಾದರೂ ಎಷ್ಟು ಭಾರ ಹಾಕಿಯಾರು? ಮಹಾಮಾಯಾ ಗಂಡನ ಮನೆಗೆ ಹೋದಳು. ಅವಳ ತಂಗಿಯ ಲಗ್ನವಾಯಿತು. ಎಲ್ಲರ ಕೆಲಸವೂ ಆಯಿತು.

ವೈಶಾಖ ಹುಣ್ಣಿಮೆ ಬಂತು. ಸುಭದ್ರಾಬಾಯಿ ಬಿಳಿ ಸೀರೆ ಒಗೆದು, ಗಂಜಿ ಹಾಕಿ ಒಣಗಿಸಿದರು. ಬೇಡ ಅನ್ನೋಣ ಅಂದುಕೊಂಡವಳು, ಏಂಜೆಲಳನ್ನು ಅತ್ತೆಯ ಬಳಿ ಬಿಟ್ಟು ನಾನೂ ಹೊರಟೆ. ಕುಶನೂರಿನಲ್ಲಿ ಬಸ್ಸಿಳಿದು ಆಟೋದಲ್ಲಿ ಹೋದೆವು. ದಾರಿಯುದ್ದಕ್ಕೂ ಅವರು ಯಾರ ಹೊಲ ಯಾವುದು ಎಂದು ತೋರಿಸುತ್ತ, ಸೀರೆಗೆ ಧೂಳು ತಾಗದಂತೆ ನೆರಿಗೆ ಎತ್ತಿ ಹಿಡಿದುಕೊಂಡಿದ್ದರು.

ಮಚ್ಛೇಂದ್ರ ಹೇಳಿದ ಹಾಗೆಯೇ ಆಯಿತು. ಯಾರೂ ತಡೆಯಲಿಲ್ಲ. ಮುಂದೆ ಹೋಗಲು ದಾರಿ ಬಿಟ್ಟರು. ನಾನು ಪಡಸಾಲೆಯಲ್ಲಿ ಎಲ್ಲರ ಚಪ್ಪಲಿಗಳ ಪಕ್ಕ ಕೂತು ಬಾಗಿಲಿನಿಂದ ನೋಡುತ್ತಿದ್ದೆ. ಅವರು ಬುದ್ಧನ ಮೂರ್ತಿಗೂ ಬಾಬಾಸಾಹೇಬರ ಫೋಟೋಕ್ಕೂ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಕೈಮುಗಿದು ಸುರು ಮಾಡಿದರು.

"ಬುದ್ಧಂ ಶರಣಂ ಗಚ್ಛಾಮಿ."

ಬಿಳಿ ಬಟ್ಟೆಯ ಅಷ್ಟೂ ಜನ ಕೂತಿದ್ದರು. ಫ್ಯಾನು ತಿರುಗುವ ಸಪ್ಪಳ ಕೇಳಿಸಿತು. ಮಹಾಮಾಯಾ ಎರಡನೆಯ ಸಾಲಿನಲ್ಲಿ ತಲೆ ತುಂಬ ಸೆರಗು ಹೊದ್ದು ಕೂತಿದ್ದಳು. ಕೇಳದ ಎಡಗಿವಿ ಅತ್ತೆಯ ಕಡೆಗಿತ್ತು. ಬೇಕೆಂದೇ ಹಾಗೆ ಕೂತಿದ್ದಳೋ, ಜಾಗ ಅಲ್ಲೇ ಸಿಕ್ಕಿತೋ.

ಸುಭದ್ರಾಬಾಯಿ ಕಾದರು. ಮತ್ತೆ ಅದೇ ಸಾಲು ಅಂದರು. ಯಾರೂ ಅನ್ನಲಿಲ್ಲ. ಆಗ ಹಿಂದಿನಿಂದ ಮಚ್ಛೇಂದ್ರ ದನಿ ತೆಗೆದ. ತಪ್ಪು ತಪ್ಪಾಗಿ, ರಾಗ ಇಲ್ಲದೆ ಅಂದ. ಕೂತವರೆಲ್ಲ ಒಮ್ಮೆಲೇ ಅವನ ಹಿಂದೆ ಅಂದರು.

ಸುರು ಮಾಡಿದ್ದನ್ನು ನಡುವೆ ಬಿಡಬಾರದಂತೆ. ಅವರು ಎದ್ದು ಬರಲಿಲ್ಲ. ಆ ಗದ್ದಲದೊಳಗೇ ತಮ್ಮ ಪಾಡಿಗೆ ತಾವು ಒಂದು ಸಾಲು ಅಂದು, ಹಿಂದೆ ಅನ್ನುವವರ ಸಾಲನ್ನೂ ತಾವೇ ಅಂದು ಪೂರಾ ಮುಗಿಸಿದರು. ನಾನು ಅವರ ತುಟಿ ನೋಡುತ್ತಿದ್ದೆ.

ಖೀರು ಹಂಚುತ್ತಿದ್ದವನು ಸುಶೀಲಕುಮಾರ. ತಾಯಿಗೂ ಒಂದು ಗ್ಲಾಸು ಕೊಟ್ಟ, ನನಗೂ ಕೊಟ್ಟ.

ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಬಂದ ಧೂಳು ಸೀರೆಯ ಮೇಲೆ ಕೂರುತ್ತಿತ್ತು, ಅವರು ಝಾಡಿಸಲಿಲ್ಲ. ಸಂತಪೂರ ದಾಟಿದ ಮೇಲೆ, "ಖೀರು ಕೊಡದೇ ಇದ್ದಿದ್ರ ಚಲೋ ಇತ್ರಿ," ಅಂದರು. "ನಿಮಗ ಕೊಟ್ಟಂಗೇ ನನಗೂ ಕೊಟ್ಟ. ಪರ ಊರಿನವರಿಗಿ ಕೊಟ್ಟಂಗ." ಇನ್ನೂ ಸ್ವಲ್ಪ ದೂರ ಹೋದ ಮೇಲೆ ನಕ್ಕರು. "ನನ್ನ ಗಂಡ ಬದುಕಿದ್ರ 'ಅಲ್ಲ' ಅಂತರೆ ಅಂತಿದ್ದ ನೋಡ್ರಿ."

ಆ ಮರುದಿನದಿಂದಲೇ ಗೋಡೆಯಾಚೆ ಎರಡು ದನಿ ಸುರುವಾದದ್ದು.

ಇನ್ನು ಬರೆಯುವುದು ಇಂದಿನದಷ್ಟೇ. ಏಂಜೆಲ ನನ್ನ ಉತ್ತರಕ್ಕೆ ಕಾಯಲಿಲ್ಲ. ಇಂದು ಬೆಳಿಗ್ಗೆ ಆ ಕಡೆಯಿಂದ ಮೊದಲ ಸಾಲು ಬಂದ ಕೂಡಲೇ, ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಗೋಡೆಗೆ ಬಾಯಿ ಹಚ್ಚಿ, "ಗಚ್ಛಾಮೀ!" ಎಂದು ಕೂಗಿದಳು. ಅತ್ತೆ ಸುಲಿಯುತ್ತಿದ್ದ ಬೆಳ್ಳುಳ್ಳಿ ಗಡ್ಡೆಯನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ಆ ಕಡೆಯಿಂದ ಎರಡನೆಯ ದನಿ ಬರಲೇ ಇಲ್ಲ.

ಮಗು ಸಾಲಿಗೆ ಹೋದ ಮೇಲೆ ಸುಭದ್ರಾಬಾಯಿ ಅಡಿಗೆಮನೆಯ ಬಾಗಿಲಿಗೆ ಬಂದರು. ಕೈಗೆಲ್ಲ ಜೋಳದ ಹಿಟ್ಟು. ಒಳಗೆ ಬನ್ನಿ ಆಯಿ ಅಂದರೂ ಹೊಸ್ತಿಲಲ್ಲೇ ನಿಂತರು.

"ಹುಡುಗಿಗಿ ಬಯ್ದಿರೇನ್ರಿ?"

"ಇಲ್ಲ. ನಿಮಗ ತ್ರಾಸ ಆತೇನೋ ಅಂತ..."

"ನಗು ಬಂತ್ರಿ. ನಕ್ಕೆ. ಆಮ್ಯಾಲ ಕುಂತು ಅತ್ತೆ." ಹಿಟ್ಟಿನ ಕೈಯನ್ನು ಒಂದಕ್ಕೊಂದು ತಿಕ್ಕಿಕೊಂಡರು. "ಸಿಸ್ಟರ್, ಒಂದು ಕೇಳ್ತೇನಿ. ಆಗಲ್ಲ ಅಂದ್ರ ಆಗಲ್ಲ ಅನ್ರಿ, ನಾ ಏನೂ ತಿಳ್ಕೊಳಲ್ಲ. ಹುಡುಗಿ ಅಂದಿದ್ದು ಚಂದ ಅದ, ಆದ್ರ ಅದು ಆಟ. ಸಮಜ ಇದ್ದ ದೊಡ್ಡವರು ಅನ್ನಬೇಕು. ನಿಮ್ಮ ಧರ್ಮ ನಿಮಗ, ಐದೂ ಬ್ಯಾಡ್ರಿ. ನಾಲ್ಕನೇದು ಒಂದು. ಸುಳ್ಳ ಹೇಳಲ್ಲ ಅನ್ನೋದು. ಅದು ನಿಮ್ಮ ಬೈಬಲ್‌ನ್ಯಾಗನೂ ಅದ ಅಂತ ನಿಮ್ಮ ಅತ್ತಿನೇ ಅಂದಿದ್ರು."

"ಅದ ಆಯಿ."

"ಹಾಂಗಿದ್ರ ಹುಣ್ಣಿಮಿ ದಿನ ನಾ ಆ ಕಡಿ ಅದು ಅಂದಾಗ, ನೀವು ಗೋಡಿ ಈ ಕಡಿಲಿಂದ ನನ್ನ ಹಿಂದ ಒಂದ ಸಲ ಅನ್ರಿ. ಹಾಲಿನ ಮುಂದ ನಿಂತೇ ಅನ್ರಿ, ಮೆಲ್ಲಕ ಅಂದ್ರೂ ನಡೀತದ. ನನಗ ಕೇಳಸ್ತದ."